ಗೋಡೆಯ ಎರಡೂ ಬದಿಯ ಹುಡುಗರು: ಯುವಜನರ ನಡುವಿನ ಕೆಲಸವನ್ನು ಅಳೆಯುವುದು ಹೇಗೆ?

(ಯುವಜನರೊಂದಿಗೆ ಕೆಲಸ ಮಾಡುವ ಕಾರ್ಯಕರ್ತರು ಮತ್ತು ಎನ್‌ಎಸ್‌ಎಸ್ ಅಧಿಕಾರಿಗಳು ಸೇರಿದ್ದ ಕಾರ್ಯಾಗಾರವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಉತ್ತರ ಭಾಗದಲ್ಲಿ ಅಲೆಕ್ಸಾಂಡ್ರಾ ಪಾರ್ಕ್ ಎಂಬ ಉದ್ಯಾನವಿದೆ. 1994ರ ಆಗಸ್ಟ್ 31ರಂದು, ಬ್ರಿಟನ್ನಿನ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಸಶಸ್ತ್ರ ಗುಂಪಾದ ಐರಿಷ್ ರಿಪಬ್ಲಿಕನ್ ಆರ್ಮಿ ಕದನ ವಿರಾಮ ಘೋಷಿಸಿತು. ಕಾಲು ಶತಮಾನ ಬಾಂಬು, ಗುಂಡು, ಶವಯಾತ್ರೆಗಳನ್ನೇ ಕಂಡಿದ್ದ ನಾಡು ಅಂದು ನೆಮ್ಮದಿಯ ಉಸಿರು ಬಿಟ್ಟಿತು. ಅದರ ಮರುದಿನವೇ ಈ ಉದ್ಯಾನದ ನಡುವೆ ಉಕ್ಕಿನ ಗೋಡೆಯೊಂದರ ಕೆಲಸ ಶುರುವಾಯಿತು. ಆಚೆ ಕ್ಯಾಥೊಲಿಕ್ ಮಕ್ಕಳು, ಈಚೆ ಪ್ರಾಟೆಸ್ಟೆಂಟ್ ಮಕ್ಕಳು. ಎರಡೂ ಕಡೆಯವರು ಕಲ್ಲು ತೂರಾಡದಿರಲಿ ಎಂಬುದು ಉದ್ದೇಶ. ಹದಿನೇಳು ವರ್ಷ ಕಳೆದ ಮೇಲೆ, 2011ರ ಸೆಪ್ಟೆಂಬರ್‌ನಲ್ಲಿ, ಆ ಗೋಡೆಗೊಂದು ಬಾಗಿಲು ಬಂತು. ಆರಂಭದಲ್ಲಿ ಅದನ್ನು ತೆರೆಯುತ್ತಿದ್ದದ್ದು ವಾರದ ದಿನಗಳಲ್ಲಿ ಮಾತ್ರ, ಬೆಳಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ.

ಆ ಹೊತ್ತಿನಲ್ಲಿ ಮಕ್ಕಳು ಶಾಲೆಯಲ್ಲಿರುತ್ತಾರೆ.

ಬಾಗಿಲು ತೆರೆಸಿದ್ದು ಸಣ್ಣ ಸಾಧನೆಯಲ್ಲ. ಅದಕ್ಕಾಗಿ ಮನೆಮನೆಗೆ ಹೋಗಿ ಹೆದರಿದವರನ್ನು ಒಪ್ಪಿಸಿದ ಸ್ಥಳೀಯ ಕಾರ್ಯಕರ್ತರ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಇದನ್ನು ವರದಿಯಲ್ಲಿ ಹೇಗೆ ಬರೆಯುವುದು? ‘ಬಾಗಿಲು ತೆರೆಯಲಾಗಿದೆ’ ಎಂದರೆ ನಾವು ಮಾಡಿದ ಕೆಲಸ ದಾಖಲಾಯಿತು. ‘ದಿನಕ್ಕೆ ಇಷ್ಟು ಜನ ದಾಟಿದರು’ ಎಂದರೆ ಬಳಕೆ ದಾಖಲಾಯಿತು. ಆಚೆ ಬದಿಯ ಹುಡುಗನ ಹೆಸರು ಈಚೆ ಬದಿಯ ಹುಡುಗನಿಗೆ ಗೊತ್ತಾಯಿತೇ, ಮೆರವಣಿಗೆಗಳ ತಿಂಗಳಾದ ಮುಂದಿನ ಜುಲೈನಲ್ಲಿ ಕಲ್ಲು ಹಾರುವ ರಾತ್ರಿ ಆ ಹೆಸರು ಅವನ ನೆನಪಿಗೆ ಬಂತೇ ಎಂಬುದು ಮೂರನೆಯ ವಿಷಯ. ಯುವಜನರ ನಡುವೆ ಕೆಲಸ ಮಾಡುವ ನಮಗೆ ಬೇಕಾಗಿರುವುದು ಈ ಮೂರನೆಯದು. ನಮ್ಮ ನಮೂನೆಗಳು ಕೇಳುವುದು ಹೆಚ್ಚಾಗಿ ಮೊದಲನೆಯದನ್ನು.

ಉತ್ತರ ಐರ್ಲೆಂಡನ್ನೇ ಆಯ್ದುಕೊಂಡದ್ದಕ್ಕೆ ಕಾರಣವಿದೆ. ಒಡೆದ ಊರಿನ ಯುವಜನರ ಮೇಲೆ ಇಷ್ಟು ದೀರ್ಘಕಾಲ, ಇಷ್ಟು ಹಣ ಮತ್ತು ಇಷ್ಟು ಶ್ರದ್ಧೆ ಸುರಿದ ಜಾಗ ಪ್ರಪಂಚದಲ್ಲಿ ಇನ್ನೊಂದು ಸಿಗುವುದು ಕಷ್ಟ. ಬ್ರಿಟನ್ನಿನ ಜೊತೆಗೇ ಉಳಿಯಬೇಕೆನ್ನುವ, ಬಹುಪಾಲು ಪ್ರಾಟೆಸ್ಟೆಂಟರಾದವರಿಗೂ ಐರ್ಲೆಂಡನ್ನು ಸೇರಬೇಕೆನ್ನುವ, ಬಹುಪಾಲು ಕ್ಯಾಥೊಲಿಕರಾದವರಿಗೂ ನಡುವಿನ ಸಂಘರ್ಷದಲ್ಲಿ 1960ರ ದಶಕದ ಕೊನೆಯಿಂದ 1998ರವರೆಗೆ ಸುಮಾರು 3,500 ಜನ ಸತ್ತರು. ನಾಡಿನ ಜನಸಂಖ್ಯೆ ಇಂದಿಗೂ ಇಪ್ಪತ್ತು ಲಕ್ಷ ಮುಟ್ಟಿಲ್ಲ ಎಂಬುದನ್ನು ಇದರ ಜೊತೆ ಇಟ್ಟು ನೋಡಿ. 1998ರ ಏಪ್ರಿಲ್ 10ರ ಒಪ್ಪಂದ ರಾಜಕೀಯ ಶಾಂತಿ ತಂದಿತು. ಆದರೆ ಮಕ್ಕಳು ಈಗಲೂ ಬಹುಪಾಲು ಬೇರೆ ಬೇರೆ ಶಾಲೆಗಳಲ್ಲೇ ಓದುತ್ತಾರೆ; ಎರಡೂ ಸಮುದಾಯಗಳ ಮಕ್ಕಳನ್ನು ಬೇಕೆಂದೇ ಕೂಡಿಸಿ ಕಲಿಸುವ ಶಾಲೆಗಳಲ್ಲಿರುವವರು ನೂರಕ್ಕೆ ಏಳೆಂಟು ಮಂದಿ. 1969ರಲ್ಲಿ ತಾತ್ಕಾಲಿಕವೆಂದು ಎದ್ದ ‘ಶಾಂತಿ ಗೋಡೆ’ಗಳು ಒಪ್ಪಂದದ ನಂತರವೂ ನಿಂತಿವೆ. 2023ರೊಳಗೆ ಎಲ್ಲವನ್ನೂ ತೆಗೆಯುತ್ತೇವೆಂದು ಅಲ್ಲಿನ ಸರ್ಕಾರ 2013ರಲ್ಲಿ ಗುರಿ ಹಾಕಿಕೊಂಡಿತ್ತು. ಗಡುವು ಕಳೆದುಹೋಯಿತು, ಗೋಡೆಗಳು ಉಳಿದವು. ಆ ಗೋಡೆಗಳ ಬುಡದ ಬಡಾವಣೆಗಳೇ ಬಡತನದ ಪಟ್ಟಿಯಲ್ಲೂ ಮೇಲಿನ ಸಾಲಿನಲ್ಲಿವೆ. ಅಂದರೆ ಅಲ್ಲಿನ ಹುಡುಗನ ಮೇಲೆ ಎರಡು ಹೊರೆ. ಒಂದು ಒಡಕಿನದು, ಇನ್ನೊಂದು ಇಲ್ಲದಿರುವಿಕೆಯದು. ಒಂದನ್ನು ಅಳೆದು ಇನ್ನೊಂದನ್ನು ಬಿಟ್ಟರೆ ಅಳತೆ ತಪ್ಪುತ್ತದೆ. ಕೆಲಸವೇ ಇಲ್ಲದ ಬಡಾವಣೆಯಲ್ಲಿ ‘ತರಬೇತಿ ಪಡೆದವರಲ್ಲಿ ಎಷ್ಟು ಮಂದಿಗೆ ಉದ್ಯೋಗ ಸಿಕ್ಕಿತು’ ಎಂದು ಕೇಳಿ, ಸಿಗದಿದ್ದರೆ ಆ ಹುಡುಗನ ಅಥವಾ ಅವನ ಜೊತೆ ನಿಂತ ಕಾರ್ಯಕರ್ತೆಯ ಲೆಕ್ಕಕ್ಕೆ ಸೋಲು ಬರೆಯುವುದು ಅನ್ಯಾಯ.

2021ರ ಏಪ್ರಿಲ್ ನಿಮಗೆ ನೆನಪಿರಬಹುದು. ಬೆಲ್‌ಫಾಸ್ಟ್‌ನ ಲಾನಾರ್ಕ್ ವೇ ಎಂಬ ರಸ್ತೆಯಲ್ಲಿರುವ ಶಾಂತಿ ಗೋಡೆಯ ಗೇಟಿನ ಬಳಿ ಏಪ್ರಿಲ್ 7ರ ಸಂಜೆ ಬಸ್ಸೊಂದನ್ನು ತಡೆದು ಸುಟ್ಟರು. ಗೋಡೆಯ ಎರಡೂ ಬದಿಯಿಂದ ಪೆಟ್ರೋಲ್ ಬಾಂಬು, ಇಟ್ಟಿಗೆ ಹಾರಿದವು. ಆ ದಿನಗಳ ಗಲಭೆಯಲ್ಲಿ 12, 13ರ ವಯಸ್ಸಿನ ಮಕ್ಕಳೂ ಇದ್ದರೆಂದು ಪೊಲೀಸರು ಹೇಳಿದರು. 1998ರ ಒಪ್ಪಂದವಾಗಿ ಸುಮಾರು ಹತ್ತು ವರ್ಷವಾದ ಮೇಲೆ ಹುಟ್ಟಿದ ಮಕ್ಕಳು ಅವರು. ದೊಡ್ಡವರು ಹಿಂದೆ ನಿಂತು ಹುರಿದುಂಬಿಸುತ್ತಿದ್ದ ದೃಶ್ಯಗಳೂ ಬಂದವು.

ಅದೇ ರಾತ್ರಿಗಳಲ್ಲಿ ಯುವ ಕಾರ್ಯಕರ್ತರು, ಹುಡುಗರು ಸಂಜೆ ಸೇರುವ ಯುವ ಕ್ಲಬ್ಬುಗಳನ್ನು ನಡೆಸುವವರು, ಕೆಲವು ತಾಯಂದಿರು ರಸ್ತೆಗಿಳಿದು ಸಾಲಾಗಿ ನಿಂತು ಹುಡುಗರನ್ನು ಗೇಟಿನತ್ತ ಹೋಗದಂತೆ ತಡೆದರು. ಹೆಸರು ಹಿಡಿದು ಕರೆದರು. ವರ್ಷಗಟ್ಟಲೆ ಪ್ರತಿ ಸಂಜೆ ಚಹಾ ಕೊಟ್ಟು, ಪೂಲ್ ಆಡಿ, ಅಪ್ಪ ಹೊಡೆದದ್ದನ್ನೂ ಪರೀಕ್ಷೆ ಫೇಲಾದದ್ದನ್ನೂ ಕೇಳಿಸಿಕೊಂಡವರಿಗೆ ಮಾತ್ರ ಗಲಭೆಯ ನಡುವೆ ಒಬ್ಬ ಹುಡುಗನನ್ನು ಹೆಸರು ಹಿಡಿದು ಕರೆಯುವ ಹಕ್ಕು ಇರುತ್ತದೆ. ಅವನು ತಿರುಗಿ ನೋಡುತ್ತಾನೆ, ಕೆಲವೊಮ್ಮೆ ಮನೆಗೆ ಹೋಗುತ್ತಾನೆ. ಆ ಹುಡುಗ ಎಸೆಯದೆ ಉಳಿದ ಇಟ್ಟಿಗೆಯನ್ನು ಯಾವ ಕಾಲಮ್ಮಿನಲ್ಲಿ ತುಂಬುತ್ತೀರಿ? ನಡೆಯದೇ ಹೋದ ಘಟನೆಯನ್ನು ಎಣಿಸಲು ಬರುವುದಿಲ್ಲ. ನಮ್ಮ ಕೆಲಸದ ಅತ್ಯಂತ ಬೆಲೆಯುಳ್ಳ ಭಾಗ ಹೀಗೆ ನಡೆಯದೇ ಹೋದದ್ದರಲ್ಲೇ ಇರುವುದರಿಂದ ಅಳತೆಯ ಪ್ರಶ್ನೆ ಇಷ್ಟು ಜಟಿಲವಾಗಿದೆ.

ಇದನ್ನು ಕೇಳಿ ‘ನಮ್ಮದು ಹೃದಯದ ಕೆಲಸ, ಅಳೆಯಲು ಬಾರದು’ ಎಂದು ಕೈ ಕಟ್ಟಿ ಕೂರುವವರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂದು ಹೇಳಲು ಅಮೆರಿಕಕ್ಕೆ ಹೋಗಬೇಕು.

ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಪಟ್ಟಣಗಳ ಬಡ ಕೇರಿಗಳಲ್ಲಿ 1939ರಲ್ಲಿ ಒಂದು ಕಾರ್ಯಕ್ರಮ ಶುರುವಾಯಿತು. ರಿಚರ್ಡ್ ಕ್ಯಾಬಟ್ ಎಂಬ ವೈದ್ಯರ ಕನಸು ಅದು. 500ಕ್ಕೂ ಹೆಚ್ಚು ಹುಡುಗರನ್ನು ಆಯ್ದು, ವಯಸ್ಸು, ಮನೆ, ಸ್ವಭಾವ ನೋಡಿ ಇಬ್ಬಿಬ್ಬರ ಜೋಡಿ ಮಾಡಿದರು. ನಾಣ್ಯ ಚಿಮ್ಮಿ ಪ್ರತಿ ಜೋಡಿಯಲ್ಲಿ ಒಬ್ಬನನ್ನು ಕಾರ್ಯಕ್ರಮಕ್ಕೆ ತೆಗೆದುಕೊಂಡರು, ಇನ್ನೊಬ್ಬನನ್ನು ಅವನ ಪಾಡಿಗೆ ಬಿಟ್ಟರು. ಒಳಗೆ ಬಂದ ಹುಡುಗರಿಗೆ ಸಲಹೆಗಾರರು ಸರಾಸರಿ ತಿಂಗಳಿಗೆ ಎರಡು ಸಲ ಮನೆಗೆ ಬಂದು ಹೋಗುತ್ತಿದ್ದರು. ಪಾಠ, ವೈದ್ಯಕೀಯ ನೆರವು, ಬೇಸಿಗೆ ಶಿಬಿರ ಎಲ್ಲವೂ ಇತ್ತು. ಸರಾಸರಿ ಐದು ವರ್ಷಕ್ಕೂ ಹೆಚ್ಚು ಕಾಲ ಇದು ನಡೆಯಿತು. ನಮ್ಮಲ್ಲಿ ಯಾವ ಸಂಘಕ್ಕೆ ಐದು ವರ್ಷ ಒಬ್ಬ ಹುಡುಗನ ಜೊತೆ ಇರುವ ಭಾಗ್ಯವಿದೆ?

ಮೂವತ್ತು ವರ್ಷಗಳ ನಂತರ ಜೋನ್ ಮೆಕ್‌ಕಾರ್ಡ್ ಎಂಬ ಸಂಶೋಧಕಿ ಆ ಹುಡುಗರನ್ನೆಲ್ಲ ಹುಡುಕಿ ಹೊರಟರು. ಅವರೆಲ್ಲ ಆಗ ನಡುವಯಸ್ಸಿನ ಗಂಡಸರು. ಕಾರ್ಯಕ್ರಮದಲ್ಲಿದ್ದವರಲ್ಲಿ ಮೂರನೇ ಎರಡು ಭಾಗದಷ್ಟು ಮಂದಿ ‘ಅದರಿಂದ ನನಗೆ ಒಳ್ಳೆಯದಾಯಿತು’ ಎಂದರು. ಕೆಲವರು ತಮ್ಮ ಸಲಹೆಗಾರರನ್ನು ನೆನೆದು ಭಾವುಕರಾದರು. ನಾವಾಗಿದ್ದರೆ ಈ ಮಾತುಗಳನ್ನೇ ವರದಿಯ ಮುಖಪುಟಕ್ಕೆ ಹಾಕುತ್ತಿದ್ದೆವು. ಮೆಕ್‌ಕಾರ್ಡ್ ಅಲ್ಲಿಗೆ ನಿಲ್ಲಲಿಲ್ಲ. ನ್ಯಾಯಾಲಯದ, ಆಸ್ಪತ್ರೆಯ, ಮರಣದ ದಾಖಲೆಗಳನ್ನು ತೆಗೆಸಿ ಜೋಡಿಯ ಇನ್ನೊಬ್ಬನ ದಾಖಲೆಯ ಪಕ್ಕದಲ್ಲಿಟ್ಟರು. 1978ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಇಡೀ ಕ್ಷೇತ್ರವನ್ನೇ ಬೆಚ್ಚಿಬೀಳಿಸಿತು. ಅಪರಾಧ ಕಡಿಮೆಯಾಗಿರಲಿಲ್ಲ. ಕುಡಿತದ ಚಟ, ಮಾನಸಿಕ ಕಾಯಿಲೆ, ಬೇಗ ಸಾವು ಮುಂತಾದ ಹಲವು ವಿಷಯಗಳಲ್ಲಿ ನೆರವು ಪಡೆದವರ ಸ್ಥಿತಿಯೇ ನೆರವು ಸಿಗದವರಿಗಿಂತ ಕೆಟ್ಟದಾಗಿತ್ತು. ಮುಂದೆ ನಡೆದ ವಿಶ್ಲೇಷಣೆಯಲ್ಲಿ ಇನ್ನೊಂದು ಸಂಗತಿ ಬಯಲಾಯಿತು. ಹಾನಿ ಹೆಚ್ಚಾಗಿ ಕಂಡದ್ದು ಬೇಸಿಗೆ ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋದ ಹುಡುಗರಲ್ಲಿ. ತೊಂದರೆಯಲ್ಲಿರುವ ಹುಡುಗರನ್ನೇ ಒಂದು ಕಡೆ ಗುಡ್ಡೆ ಹಾಕಿದಾಗ, ದಿನಕ್ಕೆ ಒಂದು ಗಂಟೆ ನಮ್ಮಿಂದ ಕಲಿತರೆ ಉಳಿದ ಹೊತ್ತೆಲ್ಲ ಅವರು ಒಬ್ಬರಿಂದ ಒಬ್ಬರು ಕಲಿಯುತ್ತಾರೆ. ಸಂಶೋಧಕರು ಊಹಿಸಿದ ಕಾರಣ ಇದು.

ಆ ಸಲಹೆಗಾರರು ಕೆಟ್ಟವರಾಗಿರಲಿಲ್ಲ. ಅವರ ಪ್ರೀತಿ ನಿಜವಾಗಿತ್ತು, ಹುಡುಗರ ಕೃತಜ್ಞತೆಯೂ ನಿಜವಾಗಿತ್ತು. ಆದರೂ ಹಾನಿಯಾಯಿತು. ಆದ್ದರಿಂದಲೇ ಅಳತೆ ಬೇಡ ಎನ್ನುವವರ ಜೊತೆ ನಾನು ನಿಲ್ಲಲಾರೆ. ಬಡವರ ಮಕ್ಕಳ ಮೇಲೆ ನಮ್ಮ ಒಳ್ಳೆಯತನವನ್ನು ಪರೀಕ್ಷೆಯಿಲ್ಲದೆ ಪ್ರಯೋಗಿಸುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ. ಶಿಬಿರದ ಕೊನೆಯ ದಿನ, ಬೀಳ್ಕೊಡುಗೆಯ ಹಾಡು ಮುಗಿದು ಎಲ್ಲರ ಕಣ್ಣು ಒದ್ದೆಯಾಗಿರುವಾಗ ಹಂಚುವ ‘ಅನಿಸಿಕೆ ನಮೂನೆ’ಯ ಮೇಲೆ ನನಗೆ ಇರುವ ಅಪನಂಬಿಕೆಗೂ ಇದೇ ಕಾರಣ. ಆ ಕ್ಷಣದಲ್ಲಿ ಯಾರು ‘ಸಾಧಾರಣ’ ಎಂಬ ಚೌಕಕ್ಕೆ ಗುರುತು ಹಾಕುತ್ತಾರೆ?

ಹಾಗೆಂದು ಎಲ್ಲ ಅಳತೆಯೂ ಒಳ್ಳೆಯದಲ್ಲ. ಇಂಗ್ಲೆಂಡಿನ ಸರ್ಕಾರ 2002ರಲ್ಲಿ ಯುವಜನ ಸೇವೆಗಳಿಗೆ ಗುರಿಗಳನ್ನು ಗೊತ್ತುಮಾಡಿತು. 13ರಿಂದ 19 ವಯಸ್ಸಿನವರಲ್ಲಿ ಶೇ 25ರಷ್ಟು ಜನರನ್ನು ತಲುಪಬೇಕು. ತೊಡಗಿಕೊಂಡವರಲ್ಲಿ ಶೇ 60 ಮಂದಿಗೆ ‘ದಾಖಲಿಸಿದ ಫಲಿತಾಂಶ’, ಶೇ 30 ಮಂದಿಗೆ ‘ಪ್ರಮಾಣೀಕೃತ ಫಲಿತಾಂಶ’ ಇರಬೇಕು. ಗುರಿ ಬಂದ ಮೇಲೆ ನಡೆಯುವುದು ನಡೆಯಿತು. ಪ್ರಮಾಣಪತ್ರ ಪಡೆಯಲು ಸಿದ್ಧನಿರುವ ಹುಡುಗ ಬೇಕಾದವನಾದ. ಬಾಗಿಲ ಬಳಿ ನಿಂತು ಒಳಗೆ ಬರಲೋ ಬೇಡವೋ ಎಂದು ಮೂರು ವಾರ ಯೋಚಿಸುವ ಹುಡುಗ ಲೆಕ್ಕ ಕೆಡಿಸುವವನಾದ. 2009ರಲ್ಲಿ ಅಲ್ಲಿನ ಕಾರ್ಯಕರ್ತರು ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು. ಹುಡುಗ ತಾನಾಗಿ ಬರುತ್ತಾನೆ, ಬೇಡವೆನಿಸಿದರೆ ಎದ್ದು ಹೋಗುತ್ತಾನೆ, ಏನು ಮಾತನಾಡಬೇಕೆಂದು ಅವನೇ ತೀರ್ಮಾನಿಸುತ್ತಾನೆ. ನಮ್ಮ ಕೆಲಸದ ಜೀವ ಅಲ್ಲಿದೆ ಎಂಬುದು ಅವರ ವಾದ. ಆ ವಾದದ ಮುಕ್ಕಾಲು ಭಾಗ ನನ್ನದೂ ಹೌದು.

ನಮ್ಮ ಕಡೆಯ ಲೆಕ್ಕವೂ ಹೆಚ್ಚು ಬೇರೆಯಲ್ಲ. ಎನ್‌ಎಸ್‌ಎಸ್ ಸ್ವಯಂಸೇವಕನಿಗೆ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಗಂಟೆ ತುಂಬಿದರೆ ಪ್ರಮಾಣಪತ್ರ. ಶಿಬಿರದ ಕಡತ ನಿಮ್ಮೆಲ್ಲರಿಗೂ ಗೊತ್ತು. ಹಾಜರಾತಿ ಪಟ್ಟಿ, ಬ್ಯಾನರ್ ಕಾಣುವಂತೆ ತೆಗೆದ ಫೋಟೊ, ಉದ್ಘಾಟನೆಯ ಪತ್ರಿಕಾ ತುಣುಕು, ಖರ್ಚಿನ ವೋಚರ್‌ಗಳು, ಹಣ ಬಳಕೆ ಪ್ರಮಾಣಪತ್ರ. ಏಳು ದಿನ ಒಂದೇ ಪಂಕ್ತಿಯಲ್ಲಿ ಉಂಡ ಹುಡುಗರು ಎಂಟನೆಯ ದಿನ ಕಾಲೇಜು ಕ್ಯಾಂಟೀನಿನಲ್ಲಿ ಯಾರ ಪಕ್ಕ ಕುಳಿತರು ಎಂಬ ಒಂದು ಸಾಲು ಆ ಕಡತದಲ್ಲಿ ಇರುವುದಿಲ್ಲ. ಬರೆಯಿರಿ ಎಂದು ಯಾರೂ ಕೇಳಿಯೂ ಇಲ್ಲ.

ಎಂಟನೆಯ ದಿನವನ್ನು ಅಳೆಯಲು ಸಾಧ್ಯವೇ? ಸಾಧ್ಯ ಎಂದು ತೋರಿಸಿದ ಎರಡು ಅಧ್ಯಯನಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನ್ನ ಇಡೀ ಮಾತು ನಿಂತಿರುವುದು ಇವುಗಳ ಮೇಲೆ.

ಮೊದಲನೆಯದು ಇರಾಕಿನದು. ಐಸಿಸ್ ದಾಳಿಯಿಂದ ಊರು ಬಿಟ್ಟು ಓಡಿದ್ದ ಕ್ರೈಸ್ತ ಯುವಕರಿಗಾಗಿ ಸಲ್ಮಾ ಮೂಸಾ ಎಂಬ ಸಂಶೋಧಕಿ ಫುಟ್‌ಬಾಲ್ ಲೀಗ್ ನಡೆಸಿದರು. ಕೆಲವು ತಂಡಗಳಿಗೆ ಕ್ರೈಸ್ತ ಆಟಗಾರರನ್ನೇ ಸೇರಿಸಿದರು, ಕೆಲವಕ್ಕೆ ಮುಸ್ಲಿಂ ಆಟಗಾರರನ್ನು ಸೇರಿಸಿದರು. ಯಾವ ತಂಡಕ್ಕೆ ಯಾರು ಎಂಬುದನ್ನು ಚೀಟಿ ಎತ್ತುವ ಕ್ರಮದಲ್ಲೇ ತೀರ್ಮಾನಿಸಿದರು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಅವರು ‘ಮುಸ್ಲಿಮರ ಬಗ್ಗೆ ನಿಮ್ಮ ಅಭಿಪ್ರಾಯವೇನು’ ಎಂದು ಕೇಳಿ ಸುಮ್ಮನಾಗಲಿಲ್ಲ, ಹುಡುಗರು ಏನು ಮಾಡುತ್ತಾರೆಂದು ನೋಡಿದರು. ಕ್ರೀಡಾ ಮನೋಭಾವದ ಪ್ರಶಸ್ತಿಗೆ ಬೇರೆ ತಂಡದ ಮುಸ್ಲಿಂ ಆಟಗಾರನಿಗೆ ಮತ ಹಾಕುತ್ತಾನೆಯೇ? ಮುಂದಿನ ಋತುವಿನಲ್ಲಿ ಮಿಶ್ರ ತಂಡಕ್ಕೆ ಹೆಸರು ಕೊಡುತ್ತಾನೆಯೇ? ಆರು ತಿಂಗಳ ನಂತರವೂ ಮುಸ್ಲಿಂ ಹುಡುಗರ ಜೊತೆ ಅಭ್ಯಾಸ ಮಾಡುತ್ತಿದ್ದಾನೆಯೇ? ಈ ಮೂರಕ್ಕೂ ಮಿಶ್ರ ತಂಡದವರಲ್ಲಿ ಒಳ್ಳೆಯ ಉತ್ತರ ಬಂತು. ಆಮೇಲೆ ಮುಸ್ಲಿಮರೇ ಹೆಚ್ಚಿರುವ ಮೋಸುಲ್ ನಗರದ ಒಂದು ಹೋಟೆಲಿಗೆ ಹೋಗಿ ಊಟ ಮಾಡುತ್ತಾರೆಯೇ, ಎರಡೂ ಸಮುದಾಯದವರು ಸೇರುವ ಸಮಾರಂಭಕ್ಕೆ ಬರುತ್ತಾರೆಯೇ ಎಂದು ನೋಡಿದರು. ಅಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಮೈದಾನದಲ್ಲಿ ಹುಟ್ಟಿದ ವಿಶ್ವಾಸ ಮೈದಾನದ ಸುತ್ತ ಉಳಿಯಿತು, ಊರಿನವರೆಗೆ ಹರಿಯಲಿಲ್ಲ. ಇದನ್ನು ಸೋಲು ಎನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಮನೆಮಠ ಕಳೆದುಕೊಂಡ ಹುಡುಗ ಆರು ತಿಂಗಳ ಮೇಲೂ ‘ಆ ಕಡೆಯ’ವನ ಜೊತೆ ಚೆಂಡು ಒದೆಯುತ್ತಿದ್ದಾನೆ ಎಂದರೆ ಅದು ದೊಡ್ಡದು. ಆದರೆ ಲೀಗ್ ನಡೆಸಿದ್ದರಿಂದ ಸಮುದಾಯಗಳು ಒಂದಾದವು ಎಂದು ಬರೆದರೆ ಅದು ಸುಳ್ಳು. ಎಲ್ಲಿಯವರೆಗೆ ಬಂದೆವು, ಎಲ್ಲಿ ನಿಂತೆವು ಎಂದು ಈ ಅಧ್ಯಯನ ಕರಾರುವಾಕ್ಕಾಗಿ ಹೇಳಿತು. ಮುಂದಿನ ಕೆಲಸ ಎಲ್ಲಿಂದ ಶುರುವಾಗಬೇಕು ಎಂಬುದು ಅದರಿಂದ ಗೊತ್ತಾಯಿತು.

ಎರಡನೆಯದು ನಮ್ಮ ದೇಶದ್ದೇ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞ ಬೇರೆ ಬೇರೆ ಜಾತಿಗಳ 1,261 ಯುವಕರನ್ನು ಸೇರಿಸಿಕೊಂಡು ಕ್ರಿಕೆಟ್ ಲೀಗ್‌ಗಳ ಮೂಲಕ ಒಂದು ಪ್ರಯೋಗ ಮಾಡಿದರು. ಕೆಲವರು ಸ್ವಜಾತಿಯ ತಂಡದಲ್ಲಿ ಆಡಿದರು, ಕೆಲವರು ಮಿಶ್ರ ತಂಡದಲ್ಲಿ, ಉಳಿದವರು ಆಡಲೇ ಇಲ್ಲ. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ನನ್ನ ಗಮನ ಸೆಳೆದದ್ದು ಒಂದೇ ವಿಷಯ. ಬೇರೆ ಜಾತಿಯವನು ನಮ್ಮದೇ ತಂಡದಲ್ಲಿದ್ದರೆ ಜಾತಿ ದಾಟಿದ ಗೆಳೆತನಗಳು ಹೆಚ್ಚಿದವು; ಸ್ವಜಾತಿಯವನಿಗೇ ಮಣೆ ಹಾಕುವ ಚಾಳಿ ತಗ್ಗಿತು. ಅವನು ಎದುರು ತಂಡದಲ್ಲಿದ್ದರೆ ಪರಿಣಾಮ ಹೆಚ್ಚುಕಡಿಮೆ ಉಲ್ಟಾ ಆಯಿತು.

ಈಗ ನಮ್ಮ ಊರುಗಳ ಟೂರ್ನಮೆಂಟುಗಳನ್ನು ನೆನಪು ಮಾಡಿಕೊಳ್ಳಿ. ತಂಡಗಳು ಕೇರಿವಾರು, ಸಂಘವಾರು, ಜಾತಿವಾರು. ಜೆರ್ಸಿಯ ಬಣ್ಣದಲ್ಲೇ ಯಾರು ಯಾರವರೆಂದು ಗೊತ್ತಾಗುತ್ತದೆ. ಉದ್ಘಾಟನೆಗೆ ಬಂದವರು ‘ಕ್ರೀಡೆ ಎಲ್ಲರನ್ನೂ ಒಗ್ಗೂಡಿಸುತ್ತದೆ’ ಎಂದು ಭಾಷಣ ಮಾಡುತ್ತಾರೆ. ‘16 ತಂಡ, ಎಲ್ಲ ಸಮುದಾಯಗಳ 200 ಯುವಕರ ಭಾಗವಹಿಸುವಿಕೆ’ ಎಂದು ವರದಿ ಹೋಗುತ್ತದೆ. ಸಂಖ್ಯೆ ಸರಿಯಾಗಿಯೇ ಇದ್ದರೂ ನಾವು ಒಡಕನ್ನು ಇನ್ನಷ್ಟು ಆಳ ಮಾಡಿರಬಹುದು! ಯಾರು ಬಂದರು ಎಂಬುದರ ಜೊತೆಗೆ ಅವರು ಹೇಗೆ ಕೂಡಿದರು ಎಂದು ಕೇಳದ ಅಳತೆ ಇಲ್ಲಿ ಕುರುಡಾಗುತ್ತದೆ. ಗಾರ್ಡನ್ ಆಲ್‌ಪೋರ್ಟ್ ಎಂಬ ಮನಶ್ಶಾಸ್ತ್ರಜ್ಞರು 1954ರಲ್ಲೇ ಇದನ್ನು ಹೇಳಿದ್ದರು. ಗುಂಪುಗಳು ಭೇಟಿಯಾದರೆ ಸಾಲದು. ಸಮಾನ ಸ್ಥಾನಮಾನ, ಒಂದೇ ಗುರಿ, ಪರಸ್ಪರ ಸಹಕಾರ, ಹಿರಿಯರ ಅಥವಾ ಸಂಸ್ಥೆಯ ಬೆಂಬಲ ಇರಬೇಕು.

ಉತ್ತರ ಐರ್ಲೆಂಡಿಗೆ ಮರಳೋಣ. ಐರೋಪ್ಯ ಒಕ್ಕೂಟ 1995ರಿಂದ ‘ಪೀಸ್’ ಎಂಬ ಹೆಸರಿನಲ್ಲಿ ಒಂದರ ಹಿಂದೊಂದು ಯೋಜನೆಗೆ ಹಣ ಕೊಟ್ಟಿದೆ. ನಾಲ್ಕನೆಯ ಯೋಜನೆಯಲ್ಲಿ 14ರಿಂದ 24 ವಯಸ್ಸಿನ, ಅತ್ಯಂತ ಅಂಚಿನಲ್ಲಿರುವ ಯುವಜನರಿಗಾಗಿಯೇ ಒಂದು ಭಾಗವಿತ್ತು. ಅದರಲ್ಲಿ ನನಗೆ ಹಿಡಿಸಿದ್ದು ಎರಡು ಸಂಗತಿ. ಒಂದು, ಅವಧಿ. ವಾರದ ಶಿಬಿರವಲ್ಲ, ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳ ನಿರಂತರ ಒಡನಾಟ. ಎರಡು, ಫಲವನ್ನು ಅವರು ವಿಂಗಡಿಸಿದ ಬಗೆ: ಹುಡುಗನ ಸ್ವಂತ ಬೆಳವಣಿಗೆ, ಇನ್ನೊಂದು ಸಮುದಾಯದೊಂದಿಗಿನ ಸಂಬಂಧ, ನಾಗರಿಕನಾಗಿ ಅವನ ಪಾಲುಗಾರಿಕೆ. ಈ ಮೂರೂ ಒಟ್ಟಿಗೆ ಏರುವುದಿಲ್ಲ. ಆತ್ಮವಿಶ್ವಾಸ ಬಂದ ಹುಡುಗ ತನ್ನ ಸಮುದಾಯದ ಮೆರವಣಿಗೆಯಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂಗಲೂಬಹುದು. ಬೇರೆ ಬೇರೆಯಾಗಿ ಅಳೆದರೆ ಮಾತ್ರ ಇದು ಕಾಣುತ್ತದೆ.

ಆದರೂ ‘ಮೊದಲು’ ಮತ್ತು ‘ನಂತರ’ದ ಎರಡು ಪ್ರಶ್ನಾವಳಿಗಳನ್ನಷ್ಟೇ ನಂಬುವುದರಲ್ಲಿ ಒಂದು ಗುಂಡಿಯಿದೆ. ಬೆಲ್‌ಫಾಸ್ಟ್‌ನಲ್ಲಿ 2012ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ 2013ರ ಮಾರ್ಚ್‌ನಲ್ಲಿ ಮುಗಿದ ಒಂದು ಕಾರ್ಯಕ್ರಮವನ್ನು ಊಹಿಸಿಕೊಳ್ಳಿ. ಡಿಸೆಂಬರ್ 3ರಂದು ನಗರಸಭೆ ಬ್ರಿಟನ್ನಿನ ಧ್ವಜವನ್ನು ವರ್ಷವಿಡೀ ಹಾರಿಸದೆ ಗೊತ್ತಾದ ದಿನಗಳಲ್ಲಿ ಮಾತ್ರ ಹಾರಿಸಬೇಕೆಂದು ತೀರ್ಮಾನಿಸಿತು. ತಿಂಗಳುಗಟ್ಟಲೆ ರಸ್ತೆ ತಡೆ, ಗಲಭೆ. ಮಾರ್ಚ್‌ನಲ್ಲಿ ಆ ಹುಡುಗರನ್ನು ಕೇಳಿದರೆ ಉತ್ತರಗಳು ಸೆಪ್ಟೆಂಬರ್‌ಗಿಂತ ಕಹಿಯಾಗಿಯೇ ಇರುತ್ತವೆ. ಕಾರ್ಯಕ್ರಮ ಸೋತಿತೇ? ಕಾರ್ಯಕ್ರಮಕ್ಕೆ ಬಾರದ ಅದೇ ಬೀದಿಯ ಹುಡುಗರು ಇನ್ನೂ ಎಷ್ಟು ಕಹಿಯಾಗಿದ್ದರು ಎಂದು ಗೊತ್ತಿಲ್ಲದೆ ಹೇಳಲು ಬರುವುದಿಲ್ಲ.

ತದ್ವಿರುದ್ಧ ತಪ್ಪೂ ನಡೆಯುತ್ತದೆ, ಅದೇ ಹೆಚ್ಚು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಗಲಭೆಯಾದ ಮೇಲೆಯೇ ಯುವಜನ ಕಾರ್ಯಕ್ರಮಕ್ಕೆ ಹಣ ಬರುವುದು. ಗಲಭೆ ತುತ್ತತುದಿಗೆ ಏರಿದ ತಿಂಗಳ ನಂತರದ ತಿಂಗಳು ನಾವೇನೂ ಮಾಡದಿದ್ದರೂ ಶಾಂತವಾಗಿರುತ್ತದೆ. ಉತ್ತರ ಐರ್ಲೆಂಡಿನಲ್ಲಿ ಪ್ರಾಟೆಸ್ಟೆಂಟರು ಜುಲೈ 11ರ ರಾತ್ರಿ ಬೀದಿಗಳಲ್ಲಿ ದೊಡ್ಡ ಬೆಂಕಿ ಹಾಕುವುದು, 12ರಂದು ಮೆರವಣಿಗೆ. ಜುಲೈ ಉರಿದು ಸೆಪ್ಟೆಂಬರ್ ತಣ್ಣಗಾಗುವುದು ಅಲ್ಲಿನ ವಾಡಿಕೆ. ಆಗಸ್ಟ್‌ನಲ್ಲಿ ಕೆಲಸ ಶುರು ಮಾಡಿದವರೆಲ್ಲರೂ ಸೆಪ್ಟೆಂಬರ್‌ನಲ್ಲಿ ಯಶಸ್ವಿಗಳೇ. ಈ ಜುಲೈಯನ್ನು ಹೋದ ಜುಲೈಗೆ ಹೋಲಿಸಬೇಕು, ಪಕ್ಕದ ಬಡಾವಣೆಯ ಜುಲೈಗೂ ಹೋಲಿಸಬೇಕು. ಇಷ್ಟಕ್ಕೆ ದೊಡ್ಡ ಸಂಖ್ಯಾಶಾಸ್ತ್ರ ಬೇಕಿಲ್ಲ.

ಗಲಭೆಯನ್ನೇ ಅಳತೆಗೋಲು ಮಾಡಿಕೊಂಡರೆ ಇನ್ನೊಂದು ಅನಾಹುತವಿದೆ. ಬೀದಿಗಿಳಿದು ಕಲ್ಲು ತೂರುವವರು ಹೆಚ್ಚಾಗಿ ಹುಡುಗರು. ಹಣ, ಸಮಯ, ಗಮನ ಎಲ್ಲ ಅವರಿಗೆ ಹೋಗುತ್ತದೆ. ಅದೇ ಗಲ್ಲಿಯಲ್ಲಿ ಓದು ಬಿಟ್ಟು ಮನೆಯಲ್ಲಿ ಕುಳಿತ ಹುಡುಗಿ ಯಾರ ನೆಮ್ಮದಿಯನ್ನೂ ಕೆಡಿಸುವುದಿಲ್ಲ, ಹಾಗಾಗಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಇದು ಬೆಲ್‌ಫಾಸ್ಟ್‌ನಲ್ಲಿ ಎಷ್ಟು ನಿಜವೋ ನಮ್ಮಲ್ಲೂ ಅಷ್ಟೇ ನಿಜ.

ಹೆಸರು ದಾಖಲಿಸುವ ಬಗ್ಗೆಯೂ ಒಂದು ಮಾತು. ಉತ್ತರ ಐರ್ಲೆಂಡಿನಲ್ಲಿ ಒಬ್ಬನ ಹೆಸರು, ಶಾಲೆ, ಬೀದಿ ತಿಳಿದರೆ ಅವನು ಯಾವ ಕಡೆಯವನೆಂದು ಗೊತ್ತಾಗಿಬಿಡುತ್ತದೆ. ಸಶಸ್ತ್ರ ಗುಂಪುಗಳು ತಮ್ಮದೇ ಬಡಾವಣೆಯ ಹುಡುಗರಿಗೆ ‘ಶಿಕ್ಷೆ’ ಕೊಡುವ ಪದ್ಧತಿ ಒಪ್ಪಂದದ ನಂತರವೂ ನಿಂತಿಲ್ಲ. ‘ಪೊಲೀಸರ ಜೊತೆ ಸಂವಾದ’ ಎಂಬ ಕಾರ್ಯಕ್ರಮದ ಹಾಜರಾತಿ ಪಟ್ಟಿ ತಪ್ಪು ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ಯೋಚಿಸಿ. ನಮ್ಮಲ್ಲೂ ಹೆಸರು ಹೇಳಿದರೆ ಜಾತಿ, ಧರ್ಮ, ಕೇರಿ ಎಲ್ಲ ಬಯಲು. ಅನ್ಯಧರ್ಮದ ಗೆಳೆಯ ಗೆಳತಿಯರು ಒಟ್ಟಿಗೆ ನಿಂತ ಒಂದು ಫೋಟೊ ಎಂಥ ಗಂಡಾಂತರ ತರಬಲ್ಲದೆಂದು ಕರಾವಳಿಯಿಂದ ಬಂದವರು ನನಗಿಂತ ಚೆನ್ನಾಗಿ ಬಲ್ಲಿರಿ. ಫಲಿತಾಂಶದ ಸಾಕ್ಷ್ಯಕ್ಕೆಂದು ಆ ಫೋಟೊವನ್ನು ಫೇಸ್‌ಬುಕ್‌ಗೆ ಹಾಕುವ ಮುನ್ನ ಆ ಮಕ್ಕಳನ್ನು ಕೇಳಿ. ಅವರು ಹೂಂ ಎಂದರೂ ಇನ್ನೊಮ್ಮೆ ಯೋಚಿಸಿ.

ಕೊನೆಯದಾಗಿ ಲಂಡನ್ನಿನ ಒಂದು ಅಧ್ಯಯನ. ಇಲ್ಲವಾದಾಗಲೇ ಬೆಲೆ ತಿಳಿಯುವುದು ಎನ್ನುತ್ತೇವಲ್ಲ, ಅದನ್ನೇ ಇದು ಸಂಖ್ಯೆಯಲ್ಲಿ ತೋರಿಸಿತು. 2010ರ ನಂತರ ಸರ್ಕಾರದ ಖರ್ಚು ಕಡಿತದಿಂದ ಅಲ್ಲಿನ ಯುವ ಕ್ಲಬ್ಬುಗಳಲ್ಲಿ ಸುಮಾರು ಶೇ 30ರಷ್ಟು 2019ರೊಳಗೆ ಮುಚ್ಚಿದವು. ಹತ್ತಿರದ ಕ್ಲಬ್ಬು ಮುಚ್ಚಿದ ಮಕ್ಕಳನ್ನು, ಮುಚ್ಚದ ಕಡೆಯ ಮಕ್ಕಳೊಂದಿಗೆ ಹೋಲಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಕ್ಲಬ್ಬು ಕಳೆದುಕೊಂಡವರ ಪರೀಕ್ಷೆಯ ಅಂಕ ಇಳಿದಿತ್ತು. 10ರಿಂದ 17 ವಯಸ್ಸಿನವರು ಅಪರಾಧಕ್ಕೆ ಇಳಿಯುವ ಸಾಧ್ಯತೆ ಶೇ 14ರಷ್ಟು ಏರಿತ್ತು. ಮುಚ್ಚಿ ಉಳಿಸಿದ ಒಂದು ಪೌಂಡಿಗೆ ಸಮಾಜ ತೆತ್ತದ್ದು ಸುಮಾರು ಮೂರು ಪೌಂಡು. ಪ್ರಮಾಣಪತ್ರ ಕೊಡದ, ಪಠ್ಯಕ್ರಮವಿಲ್ಲದ, ಸಂಜೆ ಬಾಗಿಲು ತೆರೆದು ದೀಪ ಹಾಕಿ ಒಬ್ಬ ಹಿರಿಯರು ಕುಳಿತಿರುತ್ತಿದ್ದ ಜಾಗಗಳೂ ಇವುಗಳಲ್ಲಿದ್ದವು. ‘ಇವು ಏನು ಸಾಧಿಸಿವೆ’ ಎಂದು ಕೇಳಿದಾಗ ಅಲ್ಲಿದ್ದವರ ಬಳಿ ತೋರಿಸಲು ಕಾಗದವಿರಲಿಲ್ಲ.

ನನ್ನ ಮಾತು ಇಷ್ಟು. ಇನ್ನು ಪ್ರಶ್ನೆಗಳು.

ಉತ್ತರ ಕರ್ನಾಟಕದಿಂದ ಬಂದಿದ್ದ ಕಾರ್ಯಕರ್ತೆಯೊಬ್ಬರು ಕೇಳಿದರು: “ಮೇಡಂ, ನಮ್ಮ ಸಂಘದಲ್ಲಿ ಇರುವುದೇ ಮೂರು ಜನ. ಸಂಶೋಧಕರನ್ನು ಕರೆಸುವ ಶಕ್ತಿ ನಮಗಿಲ್ಲ. ನಾವೇನು ಮಾಡಬೇಕು?”

ಒಂದು ನೋಟ್‌ಬುಕ್ ಸಾಕು. ನಿಮ್ಮ ಶಿಬಿರಕ್ಕೆ 40 ಜಾಗವಿದ್ದು 70 ಅರ್ಜಿ ಬಂದರೆ, ಪರಿಚಯದವರ ಮಕ್ಕಳಿಗೆ ಕೊಡದೆ ಎಲ್ಲರ ಎದುರು ಚೀಟಿ ಎತ್ತಿ. ಅದು ನ್ಯಾಯವೂ ಹೌದು, ಹೋಲಿಸಲು 30 ಮಂದಿ ಸಿಕ್ಕಂತೆಯೂ ಆಯಿತು. ಅವರಿಗೆ ಮುಂದಿನ ಶಿಬಿರದಲ್ಲಿ ಮೊದಲ ಜಾಗ ಕೊಡಿ. ಏನನ್ನು ಅಳೆಯಬೇಕೆಂದು ಮಕ್ಕಳನ್ನೇ ಕೇಳಿ. ‘ಈ ಊರಿನಲ್ಲಿ ಯಾವ ಜಾಗಕ್ಕೆ ಹೋಗಲು ನಿಮಗೆ ಹೆದರಿಕೆ’ ಎಂದು ಕೇಳಿದರೆ ಅವರು ಹೇಳುವ ಬೀದಿ, ಬಾವಿಕಟ್ಟೆ, ಬಸ್ ನಿಲ್ದಾಣಗಳೇ ನಿಮ್ಮ ಪ್ರಶ್ನಾವಳಿ. ಆರು ತಿಂಗಳ ಮೇಲೆ ಶಿಬಿರಕ್ಕೆ ಬಂದ, ಜಾಗ ಸಿಗದ ಇಬ್ಬಗೆಯ ಮಕ್ಕಳಿಗೂ ಫೋನ್ ಮಾಡಿ: ಆ ಬೀದಿಗೆ ಹೋದಿರಾ? ಆ ಕೇರಿಯವರ ಫೋನ್ ನಂಬರ್ ನಿಮ್ಮ ಮೊಬೈಲ್‌ನಲ್ಲಿದೆಯೇ? ಕಳೆದ ಹಬ್ಬಕ್ಕೆ ಯಾರ ಮನೆಗೆ ಹೋಗಿದ್ದಿರಿ? ನಡುವೆ ಬಿಟ್ಟುಹೋದವರ ಪಟ್ಟಿಯನ್ನು ಬೇರೆ ಇಡಿ, ಅವರನ್ನು ಮೊದಲು ಮಾತನಾಡಿಸಿ. ಯಾಕೆ ಬಿಟ್ಟರು ಎಂಬುದು ಉಳಿದವರು ಬರೆದ ಎಲ್ಲ ಮೆಚ್ಚುಗೆಗಿಂತ ಹೆಚ್ಚು ಕಲಿಸುತ್ತದೆ. ಹೆಸರುಗಳ ಬದಲು ಸಂಖ್ಯೆ ಬಳಸಿ, ಹೆಸರಿನ ಪಟ್ಟಿಗೆ ಬೀಗ ಹಾಕಿ.

ಹಿಂದಿನ ಸಾಲಿನಿಂದ ಯುವಕರೊಬ್ಬರು ಎದ್ದು ನಿಂತು ಕೇಳಿದರು: “ಹೀಗೆಲ್ಲ ಪ್ರಾಮಾಣಿಕವಾಗಿ ಅಳೆದು ‘ಫಲ ಕಾಣಲಿಲ್ಲ’ ಎಂದು ಬಂದರೆ ಮುಂದಿನ ವರ್ಷ ಅನುದಾನ ನಿಲ್ಲುವುದಿಲ್ಲವೇ?”

ನಿಲ್ಲಬಹುದು. ನಿಮ್ಮ ಭಯಕ್ಕೆ ಆಧಾರವಿದೆ. ಇಂದಿನ ವ್ಯವಸ್ಥೆಯಲ್ಲಿ ಬಣ್ಣ ಹಚ್ಚಿದ ವರದಿಗೆ ಹಣ ಬರುತ್ತದೆ, ನಿಜ ಬರೆದವರು ಬಾಗಿಲು ಮುಚ್ಚುತ್ತಾರೆ. ಆದ್ದರಿಂದ ಅರ್ಜಿ ಹಾಕುವಾಗಲೇ, ಅಂದರೆ ಫಲಿತಾಂಶ ಬರುವ ಮೊದಲೇ, ಎರಡು ಸಾಲು ಸೇರಿಸಿ. ಒಂದು, ಕಾರ್ಯಕ್ರಮ ಮುಗಿದು ಆರು ತಿಂಗಳ ನಂತರದ ಭೇಟಿಗಳಿಗೆ ಇಷ್ಟು ಹಣ ಬೇಕು ಎಂದು ಬಜೆಟ್ಟಿನಲ್ಲೇ ಕೇಳಿ. ಅದಕ್ಕೆ ಹಣ ಕೊಡದವರಿಗೆ ಪರಿಣಾಮದ ಬಗ್ಗೆ ಕೇಳುವ ನೈತಿಕ ಹಕ್ಕಿಲ್ಲ. ಇದನ್ನು ಅವರ ಮುಖಕ್ಕೇ, ವಿನಯದಿಂದಲೇ, ಹೇಳಬೇಕು. ಎರಡು, ಫಲ ಕಾಣದಿದ್ದರೆ ಏನನ್ನು ಬದಲಿಸುತ್ತೇವೆ ಎಂದು ಮೊದಲೇ ಬರೆಯಿರಿ. ಮಿಶ್ರ ತಂಡಕ್ಕೆ ಬದಲಾಯಿಸುತ್ತೇವೆ, ಶಿಬಿರ ಬಿಟ್ಟು ವಾರದ ಸಂಜೆಗಳಿಗೆ ಹೋಗುತ್ತೇವೆ, ಹೀಗೆ. ಇಲ್ಲಿ ಹತ್ತಾರು ಸಂಘಗಳು ಸೇರಿದ್ದೀರಿ. ಒಂದು ಸಂಘ ಈ ಎರಡು ಸಾಲು ಬರೆದರೆ ಅರ್ಜಿ ಮೂಲೆಗೆ ಬೀಳಬಹುದು. ಜಿಲ್ಲೆಯ ಎಲ್ಲ ಸಂಘಗಳೂ ಒಂದೇ ವರ್ಷ, ಒಂದೇ ಮಾತಿನಲ್ಲಿ ಬರೆದರೆ ಅಷ್ಟನ್ನೂ ತಿರಸ್ಕರಿಸುವುದು ಅವರಿಗೂ ಸುಲಭವಲ್ಲ. ಊಟದ ವಿರಾಮದಲ್ಲಿ ಆ ಎರಡು ಸಾಲುಗಳ ಕರಡನ್ನು ಒಟ್ಟಿಗೆ ಕುಳಿತು ಬರೆಯೋಣ. ನಾನು ಸಂಜೆಯವರೆಗೆ ಇಲ್ಲೇ ಇರುತ್ತೇನೆ.